ಜೋಪಾನ ಎಂಬ ಮಾತು

ಅಪ್ಪಾ,

ನೀವು ಇದನ್ನು ಓದುವುದಿಲ್ಲ. ಆದರೂ ಅಂಗಡಿಯ ವರದಿ ಒಪ್ಪಿಸುವ ಚಟ ನನ್ನನ್ನು ಬಿಟ್ಟಿಲ್ಲ.

ಇವತ್ತು ನಮ್ಮ ಔಷಧಿ ಅಂಗಡಿಗೆ ಒಬ್ಬ ಬಡಗಿ ಬಂದಿದ್ದರು. ನಿಮ್ಮದೇ ವಯಸ್ಸು, ನಿಮ್ಮದೇ ಆಸ್ತಮಾ, ಹುಬ್ಬಿನ ತುಂಬ ಮರದ ಪುಡಿ.

"ನೀಲಿ ಇನ್ಹೇಲರ್ ಒಂದು ಕೊಡಮ್ಮ. ಆ ಕಂದುಬಣ್ಣದ್ದು ಬೇಡ, ಎಳ್ಕೊಂಡ್ರೆ ಏನೂ ಗೊತ್ತಾಗಲ್ಲ."

ನಾನು ವಿವರಿಸಿದೆ. ನೀಲಿಯದು ಬಿಗಿದುಕೊಂಡ ಶ್ವಾಸನಾಳವನ್ನು ಆ ಹೊತ್ತಿಗೆ ಸಡಿಲಿಸುತ್ತದೆ, ಒಳಗಿನ ಊತ ಹಾಗೇ ಉಳಿಯುತ್ತದೆ. ಕಂದುಬಣ್ಣದ್ದು ಆ ಊತವನ್ನು ನಿಧಾನವಾಗಿ ಇಳಿಸುತ್ತದೆ. ಉಸಿರು ಚೆನ್ನಾಗಿದ್ದ ದಿನವೂ ಅದನ್ನು ತಪ್ಪಿಸುವಂತಿಲ್ಲ.

"ಓಹೋ! ಅವನು ಜಗಳ ಬಿಡಿಸೋನು, ಇವನು ಜಗಳಾನೇ ಆಗದ ಹಾಗೆ ನೋಡ್ಕೊಳ್ಳೋನು" ಎಂದು ನಕ್ಕರು.

ಕಂದುಬಣ್ಣದ್ದನ್ನು ಅವರ ಕೈಗೆ ಕೊಡುತ್ತಾ "ಇದೇ ಮುಖ್ಯವಾದದ್ದು, ಜೋ..." ಎಂದವಳು ಅಲ್ಲಿಗೇ ನಿಲ್ಲಿಸಿದೆ.

ನಿಮಗೂ ಹಾಗೇ ಹೇಳಿದ್ದೆ. "ಇದೇ ಮುಖ್ಯವಾದದ್ದು ಅಪ್ಪಾ, ಜೋಪಾನವಾಗಿ ಇಟ್ಕೊಳ್ಳಿ." ಕೌಂಟರಿನಲ್ಲಿ ಜನ ಕಾಯುತ್ತಿದ್ದರು, ಅಷ್ಟಕ್ಕೇ ಮುಗಿಸಿದ್ದೆ. ನೀವು ತೀರಿಕೊಂಡ ಮೇಲೆ ನಿಮ್ಮ ಹತ್ಯಾರದ ಪೆಟ್ಟಿಗೆ ತೆರೆದರೆ, ಯಾರಿಗೂ ಮುಟ್ಟಲು ಕೊಡದ ಆ ಉಳಿಗಳ ಪಕ್ಕದಲ್ಲಿ, ಆ ಇನ್ಹೇಲರನ್ನು ಮೆತ್ತನೆಯ ಬಟ್ಟೆ ಸುತ್ತಿ ಇಟ್ಟಿದ್ದಿರಿ. ಸೀಲು ಒಡೆದಿರಲಿಲ್ಲ.

ಅವರಿಗೆ ಬೇರೆ ಥರ ಹೇಳಿದೆ. "ಹಲ್ಲುಜ್ಜೋ ಬ್ರಷ್ ಪಕ್ಕ ಇಡಿ. ಬೆಳಿಗ್ಗೆ ಒಂದ್ಸಲ, ರಾತ್ರಿ ಒಂದ್ಸಲ ಎಳ್ಕೊಂಡು ಬಾಯಿ ಮುಕ್ಕಳಿಸಿ. ಮುಗಿದ ಮೇಲೆ ಖಾಲಿ ಡಬ್ಬಿ ತಂದು ನನಗೆ ತೋರಿಸಿ."

"ಖಾಲಿ ಡಬ್ಬಿ ನಿನಗ್ಯಾಕಮ್ಮ?" ಎಂದರು.

"ಸುಮ್ನೆ, ನೋಡೋಕೆ" ಎಂದೆ.