‘ತಡ’ ಎಂಬ ಗುರುತು

ಸಿಂದಗಿ
ಗುರುವಾರ, ೨೧ ನವೆಂಬರ್ ೨೦೨೪

ಸುಜಯೀಂದ್ರ ಅವರಿಗೆ ವೃಂದಾಳ ನಮಸ್ಕಾರ.

ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯಬೇಕು. ನಿಮ್ಮ ತಾಯಿಯವರು ಕ್ಷೇಮವಾಗಿದ್ದಾರೆ. ನಾನು ಶಾಲೆಗೆ ಹೋಗಿ ಬರುತ್ತಿದ್ದೇನೆ.

ಯುಗಾದಿಯಿಂದ ಈಚೆಗೆ ಗಂಡ ಹೆಂಡತಿ ನಾವು ಮಾತಾಡುವುದು ನೆಟ್‌ನ ಚರ್ಚಾಪುಟದಲ್ಲಿ ಮಾತ್ರ, ಅದೂ ಊರೆಲ್ಲ ಓದುವ ಹಾಗೆ. ನೀವು ಅಲ್ಲಿ ನನ್ನನ್ನು ‘ವೃಂದಾ ಅವರೇ’ ಎನ್ನುತ್ತೀರಿ. ಓದಿದರೆ ಮೊದಲು ನಗು ಬರುತ್ತದೆ, ಆಮೇಲೆ ಬರುವುದಿಲ್ಲ. ಅದಕ್ಕೇ ಈ ಸಲ ಅಂಚೆ ಹಿಡಿದೆ.

ಮಕ್ಕಳಿಗಾಗಿ ನಾವಿಬ್ಬರೂ ಕಟ್ಟಿದ ಕನ್ನಡದ ಪುಟ್ಟ ಪ್ರೋಗ್ರಾಮಿಂಗ್ ಭಾಷೆಯಿಂದ ‘ತಡ’ ಎಂಬ ಗುರುತನ್ನು ತೆಗೆಯೋಣ ಎಂದು ಅಲ್ಲೇ ಬರೆದಿದ್ದೀರಿ. ಭಾನುವಾರದೊಳಗೆ ನನ್ನ ಒಪ್ಪಿಗೆ ಬೇಕು. ಆ ಗುರುತು ಹುಟ್ಟಿದ್ದು ಲಾಲಬಿಯ ಹಿಟ್ಟಿನ ಗಿರಣಿಯಲ್ಲಿ, ನೆನಪಿದೆಯೇ? ಜೋಳದ ಡಬ್ಬಿ ಪಾಳಿಗಿಟ್ಟು ಸಂತೆಗೆ ಹೋಗಿ ಬರುವುದು ನಮ್ಮ ಕಡೆಯ ರೂಢಿ. “ಇವತ್ತ ತಡಾ ಆಗತೈತ್ರಿ, ಡಬ್ಬಿ ಇಟ್ಟು ಹೋಗ್ರಿ,” ಎಂದು ಅವಳು ಮೊದಲೇ ಹೇಳಿಬಿಡುತ್ತಿದ್ದಳು. ಪ್ರೋಗ್ರಾಮಿನೊಳಗೆ ಕರೆದಾಗ ಒಂದೊಂದು ಕೆಲಸ ಮಾಡಿಕೊಡುವ ಫಂಕ್ಷನ್‌ಗಳಲ್ಲಿ ಉತ್ತರ ಕೂಡಲೇ ಕೊಡಲಾಗದ್ದೂ ಹೀಗೇ ಹೇಳಿಬಿಡಲಿ, ಕರೆದವರು ಅಷ್ಟರಲ್ಲಿ ಬೇರೆ ಕೆಲಸ ನೋಡಿಕೊಳ್ಳುತ್ತಾರೆ ಎಂದು ಅಂದು ವಾದಿಸಿದವರು ನೀವೇ.

ಈಗ ನಿಮ್ಮ ತಕರಾರು ಬೇರೆ. ಒಂದು ಫಂಕ್ಷನ್‌ಗೆ ‘ತಡ’ ಅಂಟಿದರೆ ಅದನ್ನು ಕರೆದದ್ದಕ್ಕೂ, ಅದನ್ನು ಕರೆದ ಇನ್ನೊಂದಕ್ಕೂ ಅಂಟುತ್ತದೆ. ಅರಿಶಿನದ ಕೈ ಮುಟ್ಟಿದಲ್ಲೆಲ್ಲ ಹಳದಿ. ಕಾಯುವ ಕೆಲಸವನ್ನು ಭಾಷೆಯೇ ಒಳಗೊಳಗೆ ಮಾಡಲಿ, ಮಕ್ಕಳ ಕಣ್ಣಿಗೆ ಬೀಳುವುದು ಬೇಡ ಎನ್ನುತ್ತೀರಿ. ಸುಳ್ಳೆನ್ನಲಾರೆ. ನನ್ನ ವಿದ್ಯಾರ್ಥಿಗಳೂ ಆ ಗುರುತಿಗೆ ಬೇಸತ್ತಿದ್ದಾರೆ.

ಹಾಗಾಗಿ ನಿನ್ನೆ ನಿಮ್ಮ ಹೊಸ ಬಗೆಯನ್ನು ಒಂಬತ್ತನೇ ಇಯತ್ತೆಯ ಹುಡುಗಿಯರ ಕೈಗೆ ಕೊಟ್ಟು ನೋಡಿದೆ. ಕನ್ನೊಳ್ಳಿಯ ರೇಣವ್ವ ಇಂಡಿ ಪೇಟೆಯ ನಿಂಬೆ ದರ ತರಿಸುವ ಪ್ರೋಗ್ರಾಂ ಬರೆದಳು. ಚೆಂದವಾಗಿತ್ತು, ಎಲ್ಲೂ ಗುರುತಿಲ್ಲ. ನೆಟ್ ಕುಂಟುತ್ತಿತ್ತು, ಪರದೆ ಸುಮ್ಮನೆ ನಿಂತುಬಿಟ್ಟಿತು. ದರ ಇನ್ನೂ ದಾರಿಯಲ್ಲಿದೆ ಎಂದು ಅವಳಿಗೇನು ಗೊತ್ತು? ಮೊದಲು ತನ್ನ ಸಾಲುಗಳನ್ನು ತಿದ್ದಿದಳು, ಆಮೇಲೆ ಎಲ್ಲ ಅಳಿಸಿದಳು. “ಟೀಚರ್ರಿ, ನಂದ ಏನೋ ತಪ್ಪೈತ್ರಿ,” ಎಂದು ಕಣ್ಣು ತುಂಬಿಕೊಂಡಳು. ಅವಳದೇನೂ ತಪ್ಪಿರಲಿಲ್ಲ.

ಆಗ ನನಗೆ ಸಿಟ್ಟು ಬಂತು, ರೇಣವ್ವನ ಮೇಲಲ್ಲ. ‘ನಾಲ್ಕು ದಿನ ಮುದ್ದೇಬಿಹಾಳದಲ್ಲಿದ್ದು ಬರುತ್ತೇನೆ’ ಎಂದು ಯುಗಾದಿಯಲ್ಲಿ ಬ್ಯಾಗು ಹಿಡಿದು ಹೋದವರು ಇನ್ನೂ ಬಂದಿಲ್ಲ. ಜಗಳವಿಲ್ಲ, ಕಾರಣವಿಲ್ಲ. ನಾನೂ ಅವಳಂತೆ ನನ್ನ ತಪ್ಪನ್ನೇ ಹುಡುಕುತ್ತ ಕೂತೆ. ಅಂದು ಸಾರಿಗೆ ಉಪ್ಪು ಹೆಚ್ಚಾಯಿತೇ? ನಾಲ್ಕು ಜನರೆದುರು ನಿಮ್ಮನ್ನು ನಗೆಯಾಡಿದೆನೇ? ನಾನು ಕಾದೆ, ನನ್ನಿಂದಾಗಿ ಅತ್ತೆಯವರು ಕಾದರು, ದೀಪಾವಳಿಗೆ ನಮ್ಮಿಬ್ಬರನ್ನೂ ಕರೆಯಲು ಬಂದ ಅಣ್ಣನೂ ಎರಡು ದಿನ ಕಾದು ಹೋದ. ಅಂಟುವುದು ನಿಜ, ರೀ. ಗುರುತು ಅಳಿಸಿದ ಮಾತ್ರಕ್ಕೆ ಅಂಟುವುದು ನಿಲ್ಲುವುದಿಲ್ಲ.

ಆದ್ದರಿಂದ ನನ್ನ ಒಪ್ಪಿಗೆ ಇಲ್ಲ. ಗುರುತನ್ನು ಬರೆಯಲು ಸುಲಭ ಮಾಡೋಣ, ತೆಗೆಯುವುದು ಬೇಡ. ಚರ್ಚಾಪುಟದಲ್ಲಿ ರೇಣವ್ವನ ಸಂಗತಿಯನ್ನಷ್ಟೇ ಹಾಕುತ್ತೇನೆ, ಉಳಿದದ್ದು ನಿಮಗೊಬ್ಬರಿಗೆ. ತಡವಾಗುವುದು ತಪ್ಪಲ್ಲ. ತಡವಾಗುತ್ತದೆಂದು ಹೇಳದೆ ಹೋದಿರಲ್ಲ, ಅದು ನೋವಾಯಿತು.

ಇಂತಿ,
ವೃಂದಾ

ತಾ.ಕ.: ಬಸವನ ಬಾಗೇವಾಡಿಗೆ ವರ್ಗಾವಣೆ ನಾನೇ ಕೇಳಿದ್ದೆ, ಸಿಕ್ಕಿದೆ. ಸೋಮವಾರ ಹೊರಡುತ್ತೇನೆ. ನೀವು ಅಲ್ಲಿಗೆ ಬಂದರೂ ಕೂಡಲೇ ಹಿಂದಿನಂತಾಗುವುದು ನನ್ನಿಂದಾಗದು, ತಡವಾಗುತ್ತದೆ, ಮೊದಲೇ ಹೇಳಿದ್ದೇನೆ. ಅತ್ತೆಯವರನ್ನು ಮುದ್ದೇಬಿಹಾಳಕ್ಕೆ ನಿಮ್ಮ ಹತ್ತಿರ ಬಿಟ್ಟು ಹೋಗಲೇ ಎಂದು ಕೇಳಿದೆ. “ಅಂವಾ ಯಾವಾಗ ಬರ್ತಾನೋ ಬರ್ಲಿ, ನಾ ನಿನ್ನ ಕೂಡನ ಬರೋಕಿ,” ಎಂದು ನನಗಿಂತ ಮೊದಲೇ ಗಂಟು ಕಟ್ಟಿಟ್ಟಿದ್ದಾರೆ.