ವಿಂಕೆಲಾರನ ಆರನೆಯ ಸಂಪುಟ

ಜೂನ್ 5, 1978, ಸೋಮವಾರ

ಮೂರು ಹಾಳೆ ನಕಲು ಆಯಿತು. ಬೆರಳು ನೋಯುತ್ತಿದೆ. ಅಪ್ಪನ ಕಣ್ಣು ಮಂದ, ಹೆಬ್ಬೆರಳಿನಷ್ಟು ದಪ್ಪ ಅಕ್ಷರ ಬೇಕು. ಚಿಕ್ಕದಾದರೆ ಪೀಠದ ಮೇಲೆ ನಿಂತು ತಡವರಿಸುತ್ತಾರೆ. ನಮ್ಮ ಚರ್ಚಿನ ಸಭೆಗೆ ಪಾದ್ರಿ ಇಲ್ಲದೆ ಎರಡು ವರ್ಷ. ಹೊಸಬರು ಸಿಗುವ ತನಕ ಸಭೆಯ ಹಿರಿಯರೊಬ್ಬರು ಭಾನುವಾರ ಹಳೆಯ ಗುರುಗಳು ಬರೆದಿಟ್ಟ ಪ್ರಸಂಗ, ಅಂದರೆ ಉಪದೇಶ, ಓದಬೇಕು. ಹಿರಿಯ ಅಂದರೆ ಅಪ್ಪ. ಹಳೆಯ ಗುರು ಅಂದರೆ ಲಾಂಬರ್ಟಸ್ ವಿಂಕೆಲಾರ್ — ಸತ್ತು ಮುನ್ನೂರು ವರ್ಷ, ಸಮಗ್ರ ಬರಹ ಒಂಬತ್ತು ಸಂಪುಟ, ಕರುವಿನ ಚರ್ಮದ ರಟ್ಟು. ಬಿಸಿಲು ಬಿದ್ದರೆ ರಟ್ಟು ಬೆವರಿದ ಮೈಯ ಹಾಗೆ ನಾರುತ್ತದೆ.

ಹುಳು, ಕೀವು, ಕೊಳೆತ ಹೊಟ್ಟೆ... ಈ ಮನುಷ್ಯನಿಗೆ ಅದರ ಮೇಲೆ ಎಂಥ ಪ್ರೀತಿ! ಪಾಪಿಯ ಹೃದಯ ಎಂದು ಹೇಳಿ ಮುಗಿಸುವುದಿಲ್ಲ. ಸೀಳಿ, ಕೈ ಹಾಕಿ, ತಾನು ಮೂಸಿ, ನಮಗೂ ಮೂಸಲು ಕೊಡುತ್ತಾನೆ. ಮಧ್ಯಾಹ್ನ ಹೊಗೆ ಹಿಡಿಸಿದ ಹಾವುಮೀನನ್ನು ತಟ್ಟೆಯಲ್ಲೇ ಬಿಟ್ಟೆ. ಅಪ್ಪ ನನ್ನ ಪಾಲನ್ನೂ ತಿಂದರು.

ಜೂನ್ 8

ಪಕ್ಕದ ಊರಲ್ಲಿ ಪೋಲಿಯೊ. ಮೊದಲು ಒಬ್ಬಳು ಹುಡುಗಿ, ಈಗ ಅವಳ ತಮ್ಮ. ಹತ್ತೊಂಬತ್ತಕ್ಕೆ ಆರೋಗ್ಯ ಇಲಾಖೆಯ ಬಸ್ಸು ನಮ್ಮ ಶಾಲೆಯ ಅಂಗಳಕ್ಕೆ ಬರುತ್ತದಂತೆ, ಮಕ್ಕಳಿಗೆ ಲಸಿಕೆಯ ಹನಿ ಹಾಕಲು. ನಮ್ಮ ಸಭೆಯಲ್ಲಿ ಯಾರೂ ಹಾಕಿಸಿದ್ದಿಲ್ಲ. ದೇವರು ಕಳಿಸುವುದನ್ನು ಬಾಗಿಲಲ್ಲೇ ತಡೆಯಲು ಹೊರಡುವುದು ಅಪನಂಬಿಕೆ — ಹಾಗೆಂದೇ ಕೇಳಿ ಬೆಳೆದವರು ನಾವು.

ಸಂಜೆ ನನ್ನ ತಮ್ಮ ಬ್ರಾಮನ ಹೆಂಡತಿ ಮಿನಾ ಬಂದಳು. ಕೂಸು ತಳ್ಳುಗಾಡಿಯಲ್ಲಿ. ಐದು ವರ್ಷದ ಕ್ರೈನ್ ಈರುಳ್ಳಿ ಚೀಲಗಳ ಮೇಲೆ.

"ಬ್ರಾಮ್ ಏನಂತಾನೆ?" ಕೇಳಿದೆ.

"ಏನಂತಾರೆ? ಅಪ್ಪ ಹೇಳಿದ್ದೇ ಸರಿ ಅಂತಾರೆ. ಹೆಂಡತಿ ಬಾಯಿ ಬಡ್ಕೊಂಡ್ರೂ ಗೋಡೆಗೆ ಹೇಳ್ದಂಗೆ."

"ನಿಮ್ಮ ಮೂಗಿನ ಮೇಲಿರೋ ಕನ್ನಡಕವನ್ನ ದೇವದೂತ ತಂದಿಟ್ಟನಾ ಅಂತ ನಿನ್ನ ಮಾವನ್ನ ಕೇಳು."

"ನೀನೇ ಕೇಳು ತಾಯಿ. ನಿನ್ನಪ್ಪ."

ಇಬ್ಬರೂ ನಕ್ಕೆವು. ಅಷ್ಟರಲ್ಲಿ ಕ್ರೈನ್ ಚೀಲದಿಂದ ಧುಮುಕಿ ಓಡಿದ. ಅವಳು ಅವನ ಕಾಲುಗಳನ್ನೇ ನೋಡುತ್ತ ನಿಂತಳು. ನಗು ಹಾಗೇ ಆರಿತು.

ಜೂನ್ 10, ಶನಿವಾರ

ಇನ್ನೊಬ್ಬ ಹಿರಿಯ ಇಸಾಕ್ ಬಂದಿದ್ದ. ಈರುಳ್ಳಿ ವ್ಯಾಪಾರಿ. ಎದುರಿಗೆ ಬಹುವಚನ, ಈ ದಿನಚರಿಯಲ್ಲಿ ಮಾತ್ರ ಏಕವಚನ. ಅಪ್ಪನಿಗೆ ಹೇಳಿದ:

"ನಾಳೆ ಬಿಟ್ಟು ಮುಂದಿನ ಭಾನುವಾರ ಆರನೆಯ ಸಂಪುಟದ ಪಿಡುಗಿನ ಪ್ರಸಂಗ ಓದಿ, ಸಹೋದರ ಮರೀನುಸ್. ಮಾರನೇ ದಿನ ಬಸ್ಸು ಬರತ್ತೆ. ಎಳೇ ತಾಯಂದಿರಲ್ಲಿ ಕೆಲವರ ಮನಸ್ಸು ಆಗ್ಲೇ ಆ ಕಡೆ ವಾಲ್ತಿದೆ."

ಆಮೇಲೆ ನನ್ನತ್ತ ತಿರುಗಿ: "ಕಾಫಿ ಸೊಗಸಾಗಿದೆ, ನೆಲ್. ಯಾವನೋ ಇಷ್ಟೊಳ್ಳೇ ಕಾಫಿ ಕಳ್ಕೊಂಡ, ಪಾಪ."

ನನ್ನ ಮದುವೆ ಆಗದ್ದರ ಬಗ್ಗೆ ಅವನ ಹಾಸ್ಯ. ಪ್ರತಿ ಸಲದ್ದು. ಅಪ್ಪ ಬಹಳ ಹೊತ್ತು ಸಕ್ಕರೆ ಕದಡುತ್ತಲೇ ಇದ್ದರು. ಕಡೆಗೆ "ಆಗಲಿ" ಎಂದರು.

ಜೂನ್ 13

ಆ ಪ್ರಸಂಗವನ್ನು ಅಪ್ಪನಿಗೆ ಓದಿ ಹೇಳಿದೆ. ಪೂರ್ತಿ.

ಪ್ಲೇಗು ಪಿಡುಗಿನ ವರ್ಷ. ಕಾಯಿಲೆ ತಗುಲುವ ಮೊದಲೇ ಪಾರಾಗೋಣವೆಂದು ಒಬ್ಬ ತಾಯಿ ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ದೋಣಿ ಹತ್ತುತ್ತಾಳೆ. ದೋಣಿಯಲ್ಲೇ ಮಗು ಸಾಯುತ್ತದೆ. ಅಷ್ಟಕ್ಕೆ ಬಿಟ್ಟನೇ? ಕಂಕುಳಿನ ಗಡ್ಡೆಗಳನ್ನು ಒಂದೊಂದಾಗಿ ವರ್ಣಿಸುತ್ತಾನೆ — ಬಣ್ಣ, ಗಾತ್ರ, ಒಡೆದಾಗ ಒಳಗಿಂದ ಬಂದದ್ದು. ಅವು ಪರಲೋಕದ ಅರಸನ ಮೊಹರುಗಳಂತೆ. ತಾಯಿಯ ಕಣ್ಣೀರು ದೇವರ ಮುಖಕ್ಕೆ ಉಗಿದ ಎಂಜಲಂತೆ. ಬರೆಯುವಾಗ ಅವನ ಬಾಯಲ್ಲಿ ನೀರೂರಿರಬೇಕು. ಸಾಲುಗಳು ಹಾಗೆ ಜೊಲ್ಲು ಸುರಿಸುತ್ತವೆ.

ಹಿತ್ತಲಿಗೆ ಹೋಗಿ ವಾಂತಿ ಮಾಡಿದೆ. ಸೋಪು ಹಚ್ಚಿ ಕೈ ತಿಕ್ಕಿದೆ... ರಟ್ಟಿನ ವಾಸನೆ ಹೋಗಲಿಲ್ಲ. ಒಳಗೆ ಬಂದರೆ ಅಪ್ಪ ಅದೇ ಕುರ್ಚಿಯಲ್ಲಿ, ಅದೇ ಭಂಗಿಯಲ್ಲಿ.

ಜೂನ್ 15

ಮಿನಾ ಬೇಲಿಯ ಹತ್ತಿರ ಸಿಕ್ಕಳು. ಕೊನೆಗೂ ಬ್ರಾಮ್ ಬಾಯಿ ಬಿಟ್ಟಿದ್ದಾನೆ: ಭಾನುವಾರ ಅಪ್ಪ ಓದುವುದನ್ನು ಕೇಳೋಣ, ಆಮೇಲೆ ಮನಸ್ಸಿಗೆ ಏನು ಬರುತ್ತದೋ ಹಾಗೆ ಮಾಡೋಣ.

"ಏನಿದೆ ನೆಲ್ ಅದರಲ್ಲಿ?"

"ಹಳೇ ಭಾಷೆ. ಅರ್ಥ ಆಗಲ್ಲ ಬಿಡು."

"ನಿನ್ನ ಮುಖ ನೋಡಿದ್ರೇ ಅರ್ಥ ಆಗ್ತಿದೆ."

ಜೂನ್ 16

ನಕಲು ಮುಗಿಯಿತು. ದೋಣಿಯ ತಾಯಿಯನ್ನು ಬಿಟ್ಟೆ. ಗಡ್ಡೆ, ಮೊಹರು, ಎಂಜಲು — ಒಂದೂ ಬರೆಯಲಿಲ್ಲ. ನನ್ನ ಕೈಯಿಂದ ಆಗದು.

ಜೂನ್ 17, ಶನಿವಾರ

ಅಪ್ಪ ಅಭ್ಯಾಸಕ್ಕೆ ಕೂತರು. ಬೆರಳಿಟ್ಟು ಓದುತ್ತ ಬಂದು ಆ ಜಾಗದಲ್ಲಿ ನಿಂತರು.

"ಇಲ್ಲೇನೋ ಬಿಟ್ಟಿದೆ."

"ಹೌದು. ನಾನೇ ಬಿಟ್ಟೆ."

"ಓದೋನು ಒಂದು ಪದ ಸೇರಿಸಬಾರದು, ಒಂದು ಪದ ಕಳೀಬಾರದು. ಬರಿ."

"ಬರಿಯಲ್ಲ ಅಪ್ಪ. ಬೇಕಾದ್ರೆ ನೀವೇ ಪುಸ್ತಕ ನೋಡಿ ಓದಿ. ಮಿನಾ ಎದುರು ಬೆಂಚಲ್ಲೇ ಕೂತಿರ್ತಾಳೆ, ಕೂಸು ಮಡಿಲಲ್ಲಿ. ಅವಳ ಮುಖ ನೋಡ್ಕೊಂಡೇ ಓದಿ."

ಬೈಯುತ್ತಾರೆ ಅಂದುಕೊಂಡೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮಾಟ್ಯೆ ಹೋದಾಗ ನಿಮ್ಮಮ್ಮನಿಗೆ ಇದನ್ನೇ ಓದಿದ್ದೆ."

ಮಾಟ್ಯೆ ನನ್ನ ಅಕ್ಕ. ನಾನು ಹುಟ್ಟುವ ಮುಂಚೆ ಗಂಟಲುಮಾರಿಯಲ್ಲಿ ಸತ್ತವಳು.

"ಅಮ್ಮ ಏನಂದ್ಲು?"

"ಏನೂ ಅನ್ನಲಿಲ್ಲ. ಅಳು ನಿಲ್ಲಿಸಿದ್ಲು." ಕನ್ನಡಕ ಎತ್ತಿ ಒರೆಸುತ್ತ: "ಒಳ್ಳೇದಾಯ್ತು ಅಂದ್ಕೊಂಡೆ ಆಗ."

ಆ ಕೋಣೆಯಲ್ಲಿ ಕೂರಲಾಗಲಿಲ್ಲ. ಸಾಯುವ ತನಕ ನೀರು ಕಾಣದ ಅಮ್ಮನ ಒಣ ಕಣ್ಣು ನೆನಪಾಯಿತು. ಅಮ್ಮನದು ಕಲ್ಲುಮನಸ್ಸು ಎಂದು ಊರೇ ಹೇಳುತ್ತಿತ್ತು. ವಿಂಕೆಲಾರನ ಮೇಲಲ್ಲ, ಈ ಸಲ ಅಸಹ್ಯ ಹುಟ್ಟಿದ್ದು ಅಪ್ಪನ ಮೇಲೆ. ಅವರ ಬಾಯಿ, ಅವರ ತಟ್ಟೆ, ಅವರು ಸೂಪು ಹೀರುವ ಸದ್ದು.

ಜೂನ್ 19, ಸೋಮವಾರ

ಭಾನುವಾರ ದೇವರ ದಿನ, ಬರೆಯುವಂತಿಲ್ಲ. ಆದ್ದರಿಂದ ನಿನ್ನೆಯದು ಇವತ್ತು.

ಅಪ್ಪ ನನ್ನ ಹಾಳೆಗಳನ್ನೂ ಒಯ್ದರು, ಆರನೆಯ ಸಂಪುಟವನ್ನೂ. ಹಾಳೆ ನೋಡಿ ಓದುತ್ತ ಆ ಜಾಗಕ್ಕೆ ಬಂದರು. ನಿಂತರು. ಪುಸ್ತಕ ತೆರೆದು ಮೂಗು ತಾಗುವಷ್ಟು ಬಗ್ಗಿದರು. ಇಡೀ ದೇವಾಲಯದಲ್ಲಿ ಪೆಪ್ಪರ್‌ಮಿಂಟ್ ಚೀಪುವ ಸದ್ದು ಬಿಟ್ಟರೆ ಏನಿಲ್ಲ. ಇಸಾಕ್ ಎದ್ದ.

"ಕೊಡಿ ಸಹೋದರ, ನಾನು ಓದ್ತೀನಿ."

ಅಪ್ಪ ಪುಟದ ಮೇಲೆ ಅಂಗೈ ಒತ್ತಿದರು. "ಬೇಡ. ಇದನ್ನ ನನ್ನ ಮನೇಲಿ ಒಂದು ಸಲ ಓದಿಯಾಗಿದೆ." ತೀರ ಮೆಲ್ಲಗೆ. ಮುಂದಿನ ಎರಡು ಬೆಂಚಿಗೆ ಕೇಳಿಸಿತೋ ಏನೋ. ಆಮೇಲೆ ಗಟ್ಟಿಯಾಗಿ ಕೀರ್ತನೆಯ ಸಂಖ್ಯೆ ಹೇಳಿಬಿಟ್ಟರು. ಆರ್ಗನ್ನಿನವನು ಗಾಬರಿಯಲ್ಲಿ ತಪ್ಪು ಸ್ವರ ಹಿಡಿದ.

ಅಲ್ಲಿಗೆ ಅಪ್ಪನನ್ನು ಕ್ಷಮಿಸಬಹುದಿತ್ತು. ಆದರೆ ಹೊರಗೆ ಇಸಾಕ್ ಎಲ್ಲರಿಗೂ ಕೇಳುವಂತೆ "ಪಾಪ, ಕಣ್ಣು ಪೂರ್ತಿ ಹೋಗಿದೆ" ಎಂದ. ಅಪ್ಪ ಟೋಪಿ ಸರಿಮಾಡಿಕೊಂಡು "ಹೌದು, ಕಣ್ಣು" ಎಂದರು. ಅಷ್ಟೇ! ನನಗೆ ಉಗಿಯಬೇಕೆನಿಸಿತು.

ಅದೇ ದಿನ, ಸಂಜೆ ಐದು

ಮಿನಾ ಬಸ್ಸಿಗೆ ಹೋಗಿದ್ದಳು. ಎರಡೂ ಮಕ್ಕಳಿಗೆ ಹಾಕಿಸಿದಳು. ಬ್ರಾಮ್ ಜೊತೆಗೆ ಹೋಗಲಿಲ್ಲ, ತಡೆಯಲೂ ಇಲ್ಲ. ಬೀಟ್‌ರೂಟ್ ಹೊಲದಲ್ಲಿ ಬೆನ್ನು ತಿರುಗಿಸಿ ಕಳೆ ಕೀಳುತ್ತಿದ್ದನಂತೆ. ಅಂಗಳದಲ್ಲಿ ನಮ್ಮ ಸಭೆಯವರು ಅವಳೊಬ್ಬಳೇ. ಅಂಗಡಿಯ ಹೆಂಗಸು ಅವಳನ್ನು ಕಂಡು ಕಿಟಕಿ ಪರದೆ ಎಳೆದುಕೊಂಡಳಂತೆ.

"ನಿನ್ನೆ ಮಾವ ಮೆಲ್ಲಗೆ ಹೇಳಿದ್ದು ನಂಗೆ ಕೇಳಿಸ್ತು ನೆಲ್," ಎಂದಳು.

ಜುಲೈ 11, ಮಂಗಳವಾರ

ಬರೆಯಲು ಮನಸ್ಸೇ ಇರಲಿಲ್ಲ. ಈಗ ಭಾನುವಾರ ಇಸಾಕ್ ಓದುತ್ತಾನೆ. ಅಪ್ಪನಿಗೆ "ವಿಶ್ರಾಂತಿ". ಎಂಟು ಸಂಪುಟ ಅವನ ಮನೆಗೆ ಹೋದವು. ಆರನೆಯದನ್ನು ಅಪ್ಪ ಕೊಟ್ಟಿಲ್ಲ. ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಾರೆ.

ಹೋದ ವಾರ ಇಸಾಕನ ಮೊಮ್ಮಗಳು ಸೂಸನ್ನಾಳನ್ನು ಪಟ್ಟಣದ ಆಸ್ಪತ್ರೆಗೆ ಸೇರಿಸಿದರು. ನಾಲ್ಕು ವರ್ಷದ್ದು. ಪೋಲಿಯೊ, ಎರಡೂ ಕಾಲಿಗೆ. ಬದುಕುತ್ತಾಳಂತೆ... ನಡೆಯುವುದಿಲ್ಲವಂತೆ.

ಈಗ ಅವನು ಬಂದಿದ್ದಾನೆ. ಟೋಪಿ ಇಲ್ಲ. ಬಾಗಿಲಲ್ಲೇ ಶುರು ಮಾಡಿದ.

"ಸೊಸೆ ಅಳು ನಿಲ್ಲಿಸ್ತಿಲ್ಲ, ಸಹೋದರ. ಅನ್ನನೀರು ಮುಟ್ಟಲ್ಲ. ಆರನೆಯ ಸಂಪುಟ ಕೊಡಿ. ಆ ಭಾಗ ಓದಿ ಹೇಳ್ಬೇಕು."

ಇನ್ನೂ! ಈಗಲೂ! ಪುಸ್ತಕ ಕೈಯಲ್ಲಿದ್ದಿದ್ದರೆ ಅವನ ಮುಖಕ್ಕೇ ಎಸೆಯುತ್ತಿದ್ದೆ. ಮೂಗು ಸೋರಿ ಮೀಸೆಗೆ ಇಳಿದಿತ್ತು. ಒರೆಸಿಕೊಳ್ಳುವುದೂ ತಿಳಿಯುತ್ತಿರಲಿಲ್ಲ ಅವನಿಗೆ.

"ಕೊಡಲ್ಲ," ಎಂದರು ಅಪ್ಪ.

"ಅದು ಸಭೇದು!"

"ಹೌದು, ಸಭೇದೇ. ಕೊಡಲ್ಲ. ಅವಳು ಅಳಲಿ ಬಿಡು, ಇಸಾಕ್. ಬಾ, ಕೂತ್ಕೋ. ನೀನೂ ಅಳು."

ಅವನು ಕೂತ. ಒಂದು ಸದ್ದು ಬಂತು ಅವನಿಂದ — ಕರು ಹಾಕುವ ಹಸುವಿನ ಸದ್ದು. ಇನ್ನೂ ನಿಂತಿಲ್ಲ. ನಾನು ಅಡುಗೆಮನೆಗೆ ಓಡಿ ಬಂದು ಇದನ್ನು ಗೀಚುತ್ತಿದ್ದೇನೆ. ಅವನನ್ನು ನೋಡಲಾರೆ. ಆ ಮೀಸೆ, ಆ ಸಿಂಬಳ, ಆ ಬಾಯಿ. ಅಪ್ಪ ಕರೆಯುತ್ತಿದ್ದಾರೆ: "ನೆಲ್, ಒಂದು ಕರವಸ್ತ್ರ ತಾ." ಒಗೆದಿಟ್ಟದ್ದು ಅಮ್ಮನದೊಂದೇ ಇದೆ. ಅದನ್ನು ಅವನ ಮೂಗಿಗೆ ಕೊಡಲು ನನಗೆ ಮನಸ್ಸಿಲ್ಲ. ಆದರೂ ಅದನ್ನೇ ತೆಗೆದುಕೊಂಡು ಏಳುತ್ತಿದ್ದೇನೆ.