ಒಂದೇ ದನಿಯ ಕರೆಗಂಟೆಗಳು

ಮಾನ್ಯ ಮೇಲ್ವಿಚಾರಕರಿಗೆ,

ಅಂಟು ಹಚ್ಚುವ ಮೇಜಿನವಳ ವಿನಂತಿ.

ನಿನ್ನೆ ಹೊಸ ಟ್ರೇ ಬಂತೆಂದು ಕರೆಗಂಟೆ ಹೊಡೆದಾಗ ನಾನು “ಬಂದೆ ಅತ್ತೆ” ಎಂದು ಎದ್ದು ನೀರು ತರಲು ಹೊರಟದ್ದು ನಿಜ. ಅಷ್ಟರಲ್ಲಿ ಅಂಟು ಒಣಗಿ ಒಂದು ಟ್ರೇ ಚಪ್ಪಲಿ ಹಾಳಾದದ್ದೂ ನಿಜ. ಈಗ ಎಲ್ಲರೂ ನನ್ನನ್ನು “ಬಂದೆ ಅತ್ತೆ” ಎಂದೇ ಕರೆಯುತ್ತಿದ್ದಾರೆ. ಅದಿರಲಿ.

ಉಗ್ರಾಣದಲ್ಲಿ ಹೆಚ್ಚುವರಿಯಾಗಿ ಬಿದ್ದಿದ್ದ ಇಂಥದೇ ಗಂಟೆಯೊಂದನ್ನು, ಇದೇ ಮೇಜಿನಲ್ಲಿ ಕೆಲಸ ಮಾಡುವ ನನ್ನ ಗಂಡ ನಿಮ್ಮನ್ನು ಕೇಳಿ ಮನೆಗೆ ತಂದಿದ್ದಾರೆ. ಹಾಸಿಗೆ ಹಿಡಿದ ಅತ್ತೆಯ ಕೈಗೆಟುಕುವಂತೆ ಕಟ್ಟಿದ್ದಾರೆ. ಎರಡರ ದನಿಯೂ ಒಂದೇ. ಎಲ್ಲಿದ್ದೇನೆಂದು ಒಮ್ಮೊಮ್ಮೆ ನನಗೇ ತಿಳಿಯುವುದಿಲ್ಲ. ಭಾನುವಾರ ಅತ್ತೆ ಗಂಟೆ ಒತ್ತಿದಾಗ ನಾನು ಅಡುಗೆಮನೆಯಲ್ಲಿ ಅಂಟಿನ ಕುಂಚ ಹುಡುಕುತ್ತಿದ್ದೆ.

“ಮೇಜಿನ ಮುಖ್ಯಸ್ಥೆ ಆಗೋ ಆಸೆ ಬೇರೆ! ನಿನ್ನ ಗಂಡನ್ನ ನೋಡಿ ಕಲಿಯಮ್ಮ. ಒಂದು ಸಲನಾದ್ರೂ ಜಾಗ ಬಿಟ್ಟು ಎದ್ದಿದ್ದಾನಾ?” ಎಂದು ನಿನ್ನೆ ನೀವು ಅಂದಿರಿ. ಆ ಸ್ಥಾನ ಅವರಿಗೇ ಎಂದೂ ಕೇಳಿಬಂತು.

ನೋಡಿದೆ. ನೀವು ಹೇಳಿದ್ದು ಸರಿ. ಅವರು ಇಲ್ಲೂ ಏಳುವುದಿಲ್ಲ, ಮನೆಯಲ್ಲೂ ಏಳುವುದಿಲ್ಲ. ಅತ್ತೆ ಅವರ ಹೆತ್ತ ತಾಯಿ, ಕಿವಿ ಅವರದೂ ಚೆನ್ನಾಗಿಯೇ ಇದೆ. ಇದು ಹೇಗೆಂದು ಎಷ್ಟು ಯೋಚಿಸಿದರೂ ಬಗೆಹರಿಯುತ್ತಿಲ್ಲ.

ಆದ್ದರಿಂದ ಸ್ಥಾನ ಯಾರಿಗೆಂದು ತೀರ್ಮಾನಿಸುವ ಮೊದಲು ದಯವಿಟ್ಟು ಇಲ್ಲಿನ ಗಂಟೆಯನ್ನು ಬದಲಿಸಿ. ಅದಾಗದಿದ್ದರೆ, ಗಂಟೆ ಕೇಳಿಯೂ ಕೂತಿರುವುದು ಹೇಗೆಂದು ಅವರನ್ನು ವಿಚಾರಿಸಿ ನನಗೆ ತಿಳಿಸಿ. ನಾನೇ ಕೇಳಿದರೆ, “ಅಯ್ಯೋ, ನೀನಿದ್ದೀಯಲ್ಲ” ಎನ್ನುತ್ತಾರೆ.

ಇಂತಿ,
ಅಂಟಿನ ಮೇಜಿನವಳು